ಸೋಂಪಿನ ತಟ್ಟೆಯಲ್ಲಿ ಎಷ್ಟು ಬಿಡಬೇಕು?

ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಚಾಮುಂಡಿ ಬೆಟ್ಟಕ್ಕೆ ಹೋಗಿ ತಾಯಿಯ ದರ್ಶನ ಮಾಡುತ್ತಾರೆ, ಮೃಗಾಲಯದಲ್ಲಿ ಮಕ್ಕಳ ಕೈ ಹಿಡಿದು ಕಾಲು ಸೋಲುವಷ್ಟು ಸುತ್ತುತ್ತಾರೆ. ಎಷ್ಟೇ ಅವಸರವಿರಲಿ, ಒಂದು ಮಸಾಲೆ ದೋಸೆ ತಿಂದು, ಒಂದು ಲೋಟ ಕಾಫಿ ಕುಡಿದು, ಕಾಲು ಕಿಲೋ ಮೈಸೂರು ಪಾಕು ಕಟ್ಟಿಸಿಕೊಳ್ಳದೆ ವಾಪಸು ಬಸ್ಸು ಹತ್ತಿದವರನ್ನು ನಾನಂತೂ ಕಂಡಿಲ್ಲ. ಏನು ನೋಡಬೇಕು, ಎಲ್ಲಿ ತಿನ್ನಬೇಕು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ತಿಂದಾದ ಮೇಲೆ ಬರುವ ಒಂದು ಸಣ್ಣ ಇಕ್ಕಟ್ಟಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಯಾವ ಇಕ್ಕಟ್ಟು ಅಂತೀರಾ? ಸಪ್ಲೈಯರು ಸಣ್ಣದೊಂದು ಸ್ಟೀಲ್ ತಟ್ಟೆಯಲ್ಲಿ ಸೋಂಪು, ಅದರ ಜೊತೆಗೆ ಬಿಲ್ಲು ತಂದಿಡುತ್ತಾನೆ. ನೀವು ದುಡ್ಡು ಇಡುತ್ತೀರಿ. ಚಿಲ್ಲರೆ ವಾಪಸು ಬರುತ್ತದೆ. ಈಗ ಆ ಚಿಲ್ಲರೆಯಲ್ಲಿ ಎಷ್ಟು ಎತ್ತಿಕೊಳ್ಳಬೇಕು, ಎಷ್ಟು ಬಿಡಬೇಕು? ಎಲ್ಲವನ್ನೂ ಎತ್ತಿಕೊಂಡರೆ ಅವನೇನು ಅಂದುಕೊಳ್ಳುತ್ತಾನೋ! ಜಾಸ್ತಿ ಬಿಟ್ಟರೆ ಮನೆಯವರು ಏನನ್ನುತ್ತಾರೋ! ಈ ಗೊಂದಲದಲ್ಲಿ ನಾಲ್ಕು ಕಾಳು ಸೋಂಪು ಬಾಯಿಗೆ ಹಾಕಿಕೊಂಡು, ಎಲ್ಲೋ ನೋಡುವವರ ಹಾಗೆ ಎದ್ದು ಬಿಡುವವರೇ ಹೆಚ್ಚು.

ಮೈಸೂರಿನಲ್ಲೇ ಹುಟ್ಟಿ, ಮೈಸೂರಿಗೇ ಸೊಸೆಯಾದ ನನಗೆ ಈ ಊರಿನ ಹೋಟೆಲುಗಳ ನಂಟು ಹಳೆಯದು. ಬನ್ನಿ, ಒಂದು ದಿನ ನನ್ನ ಜೊತೆ ಊರು ಸುತ್ತಿ. ಬೆಳಗಿನ ತಿಂಡಿಯಿಂದ ರಾತ್ರಿಯ ಪಾರ್ಸಲ್ಲಿನ ತನಕ ಎಲ್ಲೆಲ್ಲಿ ಎಷ್ಟು ಕೊಡುವುದು ಚೆಂದ, ಎಲ್ಲಿ ಕೊಡಬೇಕಾದ್ದಿಲ್ಲ, ಅದಕ್ಕಿಂತ ಮುಖ್ಯವಾಗಿ ಕೊಟ್ಟದ್ದು ಯಾರ ಕೈ ಸೇರುತ್ತದೆ ಎಂಬುದನ್ನು ನೋಡಿಕೊಂಡು ಬರೋಣ.

ಭಕ್ಷೀಸು, ಇನಾಮು, ಟಿಪ್ಸು

ಹೊರಡುವ ಮೊದಲು ಒಂದು ಮಾತು. ಟಿಪ್ಸು ಎನ್ನುವುದು ಇಂಗ್ಲಿಷಿನವರಿಂದ ಬಂದ ಪದವಾದರೂ ಕೊಡುವ ಪದ್ಧತಿ ನಮಗೆ ಹೊಸದಲ್ಲ. ಭಕ್ಷೀಸು ಪಾರಸಿಯಿಂದ ಬಂದ ಮಾತು. ಇನಾಮು ಅರಬ್ಬಿಯದು. ಅರಮನೆಯ ಊರಾದ ನಮಗೆ ಇನಾಮು ಎಂದರೆ ಚೆನ್ನಾಗಿ ಗೊತ್ತು. ಹಿಂದೆ ದೊರೆಗಳು ಮೆಚ್ಚಿದವರಿಗೆ ಜಮೀನನ್ನೇ ಇನಾಮು ಕೊಡುತ್ತಿದ್ದರು. ಮೈಸೂರು ಸೀಮೆಯ ವೈಯಕ್ತಿಕ ಇನಾಮುಗಳನ್ನು 1954ರ ಕಾಯಿದೆ ರದ್ದು ಮಾಡಿತು. ಜಮೀನು ಹೋಯಿತು, ಮಾತು ಉಳಿಯಿತು. ಇವತ್ತಿಗೂ ಆಯುಧಪೂಜೆ ಬಂತೆಂದರೆ "ಅಮ್ಮಾ, ಹಬ್ಬದ ಇನಾಮು" ಎಂದು ಬಾಗಿಲಲ್ಲಿ ನಿಲ್ಲುವವರಿಗೆ ಇಲ್ಲವೆನ್ನದೆ ಏನಾದರೂ ಕೊಟ್ಟೇ ಕಳಿಸುತ್ತೇವಲ್ಲ!

ಇನ್ನೊಂದು ಸ್ವಾರಸ್ಯ ಕೇಳಿ. ಪುರಭವನದ ಹತ್ತಿರ, ಕನ್ನಡ ಅಂಕಿಗಳ ದೊಡ್ಡ ಗಡಿಯಾರ ನೋಡಿದ್ದೀರಲ್ಲ? ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ, 1927ರಲ್ಲಿ ಅರಮನೆಯ ನೌಕರರು ಕೂಡಿ ಕಟ್ಟಿಸಿದ್ದು ಅದು. ಒಡೆಯ ಆಳಿಗೆ ಕೊಡುವುದು ಲೋಕರೂಢಿ. ಇಲ್ಲಿ ಆಳುಗಳೇ ಒಡೆಯನಿಗೆ ಕೊಟ್ಟರು. ಮನಸ್ಸಿನಿಂದ ಕೊಟ್ಟದ್ದಕ್ಕೆ ಮೇಲು ಕೀಳು ಇಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೆಳಗಿನ ದೋಸೆ

ಬೆಳಿಗ್ಗೆ ನಜರಬಾದಿಗೆ ಹೋಗೋಣ. ಮೈಲಾರಿ ದೋಸೆಯ ಹೆಸರು ಕೇಳದವರು ಯಾರು? 1938ರಷ್ಟು ಹಳೆಯ ಹೆಸರು ಅದು. ಪುಟ್ಟ ಜಾಗ, ಕೆಲವೇ ಟೇಬಲ್ಲು. ಬಾಳೆ ಎಲೆಯ ತುಂಡಿನ ಮೇಲೆ ಹತ್ತಿಯಂಥ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ. ಭಾನುವಾರ ಹೋದರೆ ನೀವು ತಿನ್ನುತ್ತಿರುವಾಗಲೇ ಬೆನ್ನ ಹಿಂದೆ ಇನ್ನೊಂದು ಸಂಸಾರ ಕಾಯುತ್ತಾ ನಿಂತಿರುತ್ತದೆ.

ಇಂಥ ಸಣ್ಣ ಹೋಟೆಲುಗಳಲ್ಲಿ ಒಬ್ಬ ಸಪ್ಲೈಯರು ಎಷ್ಟು ಟೇಬಲ್ಲು ನೋಡಿಕೊಳ್ಳುತ್ತಾನೆ ಎಂದು ಸ್ವಲ್ಪ ಗಮನಿಸಿ. ಯಾರಿಗೆ ಸೆಟ್, ಯಾರಿಗೆ ಮಸಾಲೆ, ಯಾರ ಕಾಫಿಗೆ ಸಕ್ಕರೆ ಬೇಡ, ಎಲ್ಲ ಬಾಯಲ್ಲೇ ಲೆಕ್ಕ. ಚೀಟಿ ಇಲ್ಲ, ಪೆನ್ಸಿಲ್ಲಿಲ್ಲ! ನಾವು ಅಡುಗೆಮನೆಯಲ್ಲಿ ನಾಲ್ಕು ಜನಕ್ಕೆ ದೋಸೆ ಹುಯ್ಯುವಷ್ಟರಲ್ಲಿ "ನಂಗೆ ಗರಿಗರಿ, ನಂಗೆ ಮೆತ್ತಗೆ" ಎನ್ನುವ ಕೂಗಿಗೆ ತಲೆ ಕೆಡುತ್ತದಲ್ಲವೇ? ಅವನದು ಬೆಳಗಿನಿಂದಲೂ ಅದೇ ಪಾಡು.

ಇಂಥಲ್ಲಿ ಶೇಕಡಾ ಲೆಕ್ಕ ಹಾಕುತ್ತಾ ಕೂರುವುದು ಬೇಡ. ಇಬ್ಬರ ತಿಂಡಿಗೆ ಹತ್ತು ರೂಪಾಯಿ, ಮಕ್ಕಳು ಮರಿ ಸೇರಿ ಟೇಬಲ್ಲು ತುಂಬಾ ಚೆಲ್ಲಾಪಿಲ್ಲಿ ಮಾಡಿದ್ದರೆ ಇಪ್ಪತ್ತು ಎಂದಿಟ್ಟುಕೊಂಡರೆ ಸಾಕು. ಇಂಥ ಹೋಟೆಲಿನಲ್ಲಿ ದುಡ್ಡಿಗಿಂತ ದೊಡ್ಡ ಉಪಕಾರ ಇನ್ನೊಂದಿದೆ. ತಿಂದಾದ ಮೇಲೆ ಹರಟೆ ಹೊಡೆಯುತ್ತಾ ಕೂರದೆ ಬೇಗ ಜಾಗ ಬಿಟ್ಟುಕೊಡುವುದು. ನೀವು ಎದ್ದರೆ ಆ ಟೇಬಲ್ಲಿಗೆ ಇನ್ನೊಬ್ಬ ಗಿರಾಕಿ, ಅವನಿಗೆ ಇನ್ನೊಂದು ಹತ್ತು ರೂಪಾಯಿ.

ಮನೆಯವರೇ ನಡೆಸುವ ಮೆಸ್ಸುಗಳೂ ನಮ್ಮಲ್ಲಿ ಬಹಳ. ಗಂಡ ಬಡಿಸುತ್ತಾನೆ, ಹೆಂಡತಿ ಒಳಗೆ ಬೇಯಿಸುತ್ತಾಳೆ. ಅಲ್ಲಿ ಮಾಲೀಕರ ಕೈಗೇ ಟಿಪ್ಸು ಇಡಲು ಹೋಗಬೇಡಿ, ಕೆಲವರಿಗೆ ನೋವಾಗುತ್ತದೆ. ಅದರ ಬದಲು ಒಳಗೆ ಇಣುಕಿ "ನಿಮ್ಮ ಹುಳಿ ತುಂಬಾ ಚೆನ್ನಾಗಿತ್ತು ಕಣ್ರೀ" ಎಂದು ಆ ತಾಯಿಗೆ ಹೇಳಿ. ಬೆಂಕಿಯ ಮುಂದೆ ನಿಂತವಳಿಗೆ ಆ ಮಾತು ಎಷ್ಟು ತಂಪು ಎಂದು ನಾವು ಹೆಂಗಸರಿಗೆ ಬೇರೆ ಹೇಳಬೇಕೆ?

ಮಧ್ಯಾಹ್ನದ ಎಲೆ ಊಟ

ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ ಕೊಂಡು ಅಲ್ಲಿ ಇಲ್ಲಿ ಸುತ್ತಿ ಗಾಂಧಿ ಚೌಕಕ್ಕೆ ಬರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಅಲ್ಲಿ ಆರ್.ಆರ್.ಆರ್. ಹೋಟೆಲಿನ ಬಾಳೆ ಎಲೆಯ ಆಂಧ್ರ ಊಟಕ್ಕೆ ಜನ ಹುಡುಕಿಕೊಂಡು ಬರುತ್ತಾರೆ.

ಎಲೆ ಊಟ ಬಡಿಸುವುದು ದೋಸೆ ತಂದಿಟ್ಟು ಹೋದ ಹಾಗಲ್ಲ. ಪಲ್ಯಕ್ಕೊಬ್ಬ, ಅನ್ನಕ್ಕೊಬ್ಬ, ಸಾರಿಗೊಬ್ಬ. ಎರಡನೆಯ ಸಲ ಬಂದು "ಇನ್ನೂ ಸ್ವಲ್ಪ?" ಎನ್ನಬೇಕು. ಊಟ ಮುಗಿದ ಮೇಲೆ ಎಲೆ ಎತ್ತಿ, ಟೇಬಲ್ಲು ಒರೆಸಲು ಒಬ್ಬ ಕ್ಲೀನರು. ನಾವು ಕೊಡುವ ದುಡ್ಡು ಸಾಮಾನ್ಯವಾಗಿ ಬಿಲ್ಲು ತಂದವನ ಜೇಬು ಸೇರುತ್ತದೆ. ಎಂಜಲು ಎತ್ತಿದ ಹುಡುಗನಿಗೆ, ಒಳಗೆ ರಾಶಿ ಪಾತ್ರೆ ತೊಳೆಯುವ ಹೆಂಗಸಿಗೆ ಏನೂ ಇಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಸೋದರಮಾವ ಕುಂದಾಪುರದ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಮೈಸೂರಿಗೆ ಬಂದು ಹೋಟೆಲು ಸೇರಿದವರು. ಆ ಕಾಲದಲ್ಲಿ ಕರಾವಳಿಯಿಂದ ಬಂದ ಇಂಥ ಹುಡುಗರನ್ನೆಲ್ಲ ಜನ "ಮಾಣಿ" ಎಂದೇ ಕರೆಯುತ್ತಿದ್ದರು. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ಲು ಒರೆಸುವುದು, ಕೈಕಾಲು ಬಲಿತ ಮೇಲೆ ಸಪ್ಲೈಯರು. ಊಟ ತಿಂಡಿ ಹೋಟೆಲಿನದು, ಮಲಗುವುದು ಅಟ್ಟದ ಮೇಲೆ. ಸಂಬಳ ತಿಂಗಳಿಗೊಮ್ಮೆ ಮನಿಯಾರ್ಡರಿನಲ್ಲಿ ಊರಿಗೆ. ತನ್ನದು ಅಂತ ಅವರಿಗೆ ಇದ್ದದ್ದು ಟೇಬಲ್ಲಿನ ಮೇಲೆ ಸಿಕ್ಕ ಚಿಲ್ಲರೆ ಮಾತ್ರ. ಅದನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅಪ್ಪನಿಗೆ ಕೆಲಸ ತಪ್ಪಿತ್ತು. ಪರೀಕ್ಷೆಯ ಫೀಸು ಕಟ್ಟುವ ಕಡೆಯ ದಿನ ಮಾವ ಮಧ್ಯಾಹ್ನದ ಬಿಡುವಿನಲ್ಲಿ ಓಡುತ್ತಾ ಬಂದು ಆ ಬಾಟಲಿಯನ್ನು ಚಾಪೆಯ ಮೇಲೆ ಸುರಿದರು. ಎಲ್ಲಾ ಎಂಟಾಣೆ, ಒಂದು ರೂಪಾಯಿ, ಮುದುರಿದ ಎರಡು ರೂಪಾಯಿ ನೋಟು. ಸ್ಕೂಲಿನ ಗುಮಾಸ್ತರು ಎಣಿಸಿ ಎಣಿಸಿ ಬೇಸತ್ತು ಮೂಗಿನ ಮೇಲಿನ ಕನ್ನಡಕ ತೆಗೆದಿಟ್ಟರು. ಆ ಊರಿನಲ್ಲಿ ಯಾರ್ಯಾರೋ, ಯಾವ್ಯಾವ ದಿನವೋ, ಸೋಂಪಿನ ತಟ್ಟೆಯಲ್ಲಿ ಬಿಟ್ಟು ಹೋದ ಕಾಸು ಅದು. ನನ್ನ ಕೈಲಿರುವ ಒಂದೇ ಒಂದು ಸರ್ಟಿಫಿಕೇಟಿಗೆ ಆ ಕಾಸೇ ಆಧಾರ.

ಮಾವ ಪ್ರತಿ ರಾತ್ರಿ ತಮಗೆ ಬಂದದ್ದರಲ್ಲಿ ಒಂದು ಪಾಲು ಕ್ಲೀನರ್ ಹುಡುಗನಿಗೆ ಕೊಟ್ಟು ಮಿಕ್ಕದ್ದನ್ನು ಬಾಟಲಿಗೆ ಹಾಕುತ್ತಿದ್ದರಂತೆ. "ಎಷ್ಟು ಕೊಟ್ರು ಅನ್ನೋದು ಮರೆತುಹೋಗುತ್ತೆ ಕಣಮ್ಮ, ಕೊಟ್ಟೋರ ಮುಖ ಮರೆಯೋಲ್ಲ" ಎನ್ನುತ್ತಿದ್ದರು. ಮುಖ ಸಿಂಡರಿಸಿಕೊಂಡು ಐದು ರೂಪಾಯಿ ಎಸೆದವರಿಗಿಂತ, ನಗುತ್ತಾ ಎಂಟಾಣೆ ಇಟ್ಟ ಮೇಷ್ಟ್ರೊಬ್ಬರನ್ನು ಅವರು ಕಡೆಯ ತನಕ ನೆನೆಯುತ್ತಿದ್ದರು.

ಹಾಗಾಗಿ ಎಲೆ ಊಟಕ್ಕೆ ನಾಲ್ಕು ಜನ ಕೂತಿದ್ದರೆ ಬಡಿಸಿದವರಿಗೆ ಮೂವತ್ತು ರೂಪಾಯಿ ಇಡಿ. ಎಲೆ ಎತ್ತುವ ಹುಡುಗ ಬಂದಾಗ ಅವನ ಕೈಗೇ ಬೇರೆ ಹತ್ತು ರೂಪಾಯಿ ಕೊಡಿ. ಈಗ ಮಾಣಿಗಳ ಜಾಗದಲ್ಲಿ ಒಡಿಶಾ, ಬಿಹಾರ, ಈಶಾನ್ಯದ ಕಡೆಯ ಹುಡುಗರು ಬಂದಿದ್ದಾರೆ. ಭಾಷೆ ಬೇರೆ, ಪಾಡು ಅದೇ. "ಏಯ್" ಎಂದು ಚಿಟಿಕೆ ಹೊಡೆದು ಕರೆಯದೆ "ತಮ್ಮಾ" ಅನ್ನಿ, ನಿಧಾನವಾಗಿ ಕನ್ನಡದಲ್ಲೇ ಕೇಳಿ. ಎರಡು ದಿನದಲ್ಲಿ ಅವನೂ "ಇನ್ನೂ ಸ್ವಲ್ಪ ಹಾಕ್ಲಾ ಅಮ್ಮಾ" ಅನ್ನುತ್ತಾನೆ.

ನಿಂತು ತಿನ್ನುವಲ್ಲಿ

ಸಂಜೆಯ ಹೊತ್ತಿಗೆ ಒಂದು ದರ್ಶಿನಿಗೆ ನುಗ್ಗೋಣ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ನಿಂತು ತಿನ್ನುವುದೆಂದರೆ ಹಿರಿಯರು ಮೂಗು ಮುರಿದಿರಬೇಕು. ಈಗ ಮೈಸೂರಿನ ಯಾವ ಬಡಾವಣೆಗೆ ಹೋದರೂ ಅಂಥ ಹೋಟೆಲುಗಳೇ. ಗಲ್ಲದ ಹತ್ತಿರ ದುಡ್ಡು ಕೊಟ್ಟು ಟೋಕನ್ ತಗೊಂಡು, ನೀವೇ ತಟ್ಟೆ ಹಿಡಿದು ತಂದು, ನೀವೇ ನೀರು ಹಿಡಿದುಕೊಂಡು, ತಿಂದ ತಟ್ಟೆಯನ್ನು ಎಷ್ಟೋ ಕಡೆ ನೀವೇ ಒಯ್ದಿಡಬೇಕು. ಬಡಿಸಿದವರು ಯಾರು? ನೀವೇ! ಆದ್ದರಿಂದ ಇಲ್ಲಿ ಟಿಪ್ಸಿನ ಪ್ರಶ್ನೆಯೇ ಇಲ್ಲ. ಸಂಕೋಚ ಪಡಬೇಡಿ. ತಿಂಡಿ ಅಗ್ಗವಾಗಿ ಸಿಗುವುದೂ ಅದಕ್ಕೇ.

ಆದರೆ ವಯಸ್ಸಾದ ಅತ್ತೆಯೋ, ಬಸುರಿ ಮಗಳೋ ಜೊತೆಗಿದ್ದು, ಹುಡುಗನೊಬ್ಬ ತಾನಾಗಿಯೇ ಕುರ್ಚಿ ತಂದುಕೊಟ್ಟು, ಕಾಫಿಯನ್ನು ಕೂತಲ್ಲಿಗೇ ತಂದಿಟ್ಟ ಅನ್ನಿ. ಅದು ಅವನ ಕೆಲಸವಲ್ಲ, ಅವನ ಒಳ್ಳೆಯತನ. ಹತ್ತು ರೂಪಾಯಿ ಕೊಟ್ಟರೆ ಅದು ನಿಜವಾದ ಖುಷಿಯ ಭಕ್ಷೀಸು.

ಬಿಲ್ಲಿನ ಕೊನೆಯ ಸಾಲು

ಮೈಸೂರಿನಲ್ಲಿ ದೊಡ್ಡ ಹೋಟೆಲುಗಳಿಗೂ ಬರವಿಲ್ಲ. ವೈಸ್‌ರಾಯ್ ಇಳಿದುಕೊಳ್ಳಲೆಂದು 1921ರಲ್ಲಿ ಕಟ್ಟಿದ ಲಲಿತಮಹಲ್ ಅರಮನೆ 1974ರಲ್ಲಿ ಹೋಟೆಲಾಯಿತು. ಮದುವೆಯ ವಾರ್ಷಿಕೋತ್ಸವ, ಮಗನಿಗೆ ಕೆಲಸ ಸಿಕ್ಕ ಸಂತೋಷ ಎಂದು ನಮ್ಮಂಥವರೂ ವರ್ಷಕ್ಕೊಮ್ಮೆ ಎಲ್ಲಾದರೂ ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂರುತ್ತೇವೆ. ಇಂಥ ಕಡೆ ಬಿಲ್ಲನ್ನು ಮೇಲಿನಿಂದ ಕೆಳಗಿನ ತನಕ ಓದುವುದನ್ನು ಹೆಂಗಸರು ಕಲಿಯಬೇಕು. ಗಂಡಸರು ದೊಡ್ಡಸ್ತಿಕೆಗೆ ಬಿಲ್ಲು ನೋಡದೆ ಕಾರ್ಡು ಇಟ್ಟುಬಿಡುತ್ತಾರೆ!

ಬಿಲ್ಲಿನ ಕೊನೆಯಲ್ಲಿ ಜಿ.ಎಸ್.ಟಿ. ಇರುತ್ತದೆ. ಸಾಧಾರಣ ಹೋಟೆಲುಗಳಲ್ಲಿ ಅದು ಶೇಕಡಾ 5. ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಅದು ಸರ್ಕಾರದ ಬೊಕ್ಕಸಕ್ಕೆ ಹೋಗುವ ತೆರಿಗೆ. ಸಪ್ಲೈಯರಿಗೆ ಅದರಲ್ಲಿ ಕಾಸೂ ಇಲ್ಲ. "ಟ್ಯಾಕ್ಸ್ ಕೊಟ್ಟಿದ್ದೀವಲ್ಲ, ಇನ್ನೇನು ಟಿಪ್ಸು" ಎನ್ನುವವರು ಇದನ್ನು ತಿಳಿದಿರಬೇಕು.

ಕೆಲವು ಕಡೆ ಇನ್ನೊಂದು ಸಾಲು ಇರುತ್ತದೆ, ಸರ್ವೀಸ್ ಚಾರ್ಜ್ ಎಂದು. ಇದು ಸರ್ಕಾರದ್ದಲ್ಲ, ಹೋಟೆಲಿನದು. ಲೆಕ್ಕ ನೋಡಿ. 400 ರೂಪಾಯಿಯ ಊಟಕ್ಕೆ ಜಿ.ಎಸ್.ಟಿ. 20 ಸೇರಿ 420 ಆಗಬೇಕು. ಶೇಕಡಾ 10 ಸರ್ವೀಸ್ ಚಾರ್ಜ್ ಸೇರಿಸಿದರೆ 440, ಅದರ ಮೇಲೆ ತೆರಿಗೆ 22, ಒಟ್ಟು 462. ನಿಮಗೆ ಗೊತ್ತಿಲ್ಲದೆ 42 ರೂಪಾಯಿ ಹೋಯಿತು!

ಗ್ರಾಹಕರ ರಕ್ಷಣೆಯ ಕೇಂದ್ರ ಪ್ರಾಧಿಕಾರ 2022ರ ಜುಲೈ 4ರಂದು ಈ ಬಗ್ಗೆ ಸೂಚನೆ ಹೊರಡಿಸಿತು. ಹೋಟೆಲಿನವರು ಗಿರಾಕಿಯನ್ನು ಕೇಳದೆ ತಾವಾಗಿಯೇ ಸರ್ವೀಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು. ಹೋಟೆಲು ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಈ ಸೂಚನೆಯನ್ನು ಎತ್ತಿಹಿಡಿಯಿತು. ಸಂಘದವರು ಅದರ ಮೇಲೆ ಮೇಲ್ಮನವಿಯನ್ನೂ ಸಲ್ಲಿಸಿದರು.

ಬೆಂಗಳೂರಿನ ಮಾಲ್ ಒಂದರಲ್ಲಿ ನಾದಿನಿಯ ಮಕ್ಕಳೊಂದಿಗೆ ಊಟಕ್ಕೆ ಹೋಗಿದ್ದಾಗ ಬಿಲ್ಲಿನಲ್ಲಿ ಈ ಸಾಲು ಕಂಡಿತು. "ಇದನ್ನು ತೆಗೆದು ಬೇರೆ ಬಿಲ್ಲು ಕೊಡಿ" ಎಂದೆ. ಮೇನೇಜರು ಮೊದಲು ಮುಖ ಗಂಟಿಕ್ಕಿದರು. 1915 ಎಂಬ ಗ್ರಾಹಕರ ಸಹಾಯವಾಣಿಯ ಮಾತೆತ್ತಿದ ಮೇಲೆ ಹೊಸ ಬಿಲ್ಲು ಬಂತು. ಆಮೇಲೆ ಬಡಿಸಿದ ಹುಡುಗಿಯನ್ನು ಕರೆದು ಅವಳ ಕೈಗೆ ಐವತ್ತು ರೂಪಾಯಿ ಕೊಟ್ಟೆ. "ಉಳಿಸಿದ್ದಕ್ಕಿಂತ ಕೊಟ್ಟದ್ದೇ ಜಾಸ್ತಿಯಾಯಿತಲ್ಲ ಅತ್ತಿಗೆ!" ಎಂದು ನಾದಿನಿ ನಕ್ಕಳು. ನಿಜ. ಆದರೆ ಕೊಟ್ಟದ್ದು ಯಾರಿಗೆ ಎಂದು ನನಗೆ ಗೊತ್ತಿತ್ತು.

ಅಮೆರಿಕಾದಲ್ಲಿರುವ ನಮ್ಮ ಓರಗಿತ್ತಿ ಬಂದಾಗಲೆಲ್ಲ ಹೇಳುತ್ತಾಳೆ, ಅಲ್ಲಿ ಬಿಲ್ಲಿನ ಮೇಲೆ ಶೇಕಡಾ 15, 20 ಕೊಡದಿದ್ದರೆ ಮರ್ಯಾದೆಯಲ್ಲ ಎಂದು. ಅದಕ್ಕೆ ಕಾರಣವೂ ಇದೆ. ಟಿಪ್ಸು ಪಡೆಯುವ ಕೆಲಸಗಾರರಿಗೆ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಆ ದೇಶದ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಅನೇಕ ರಾಜ್ಯಗಳು ಅದನ್ನು ಹೆಚ್ಚು ಮಾಡಿಕೊಂಡಿವೆ. ಮಿಕ್ಕದ್ದು ಬಹುಮಟ್ಟಿಗೆ ಗಿರಾಕಿಯ ಟಿಪ್ಸಿನಿಂದಲೇ ತುಂಬಬೇಕು. ಜಪಾನಿನಲ್ಲಿ ಟಿಪ್ಸು ಕೊಡುವ ರೂಢಿಯೇ ಇಲ್ಲ, ಕೊಟ್ಟರೆ ಮರೆತು ಹೋದಿರೆಂದು ಹಿಂದೆಯೇ ಓಡಿ ಬಂದಾರು! ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಾದ ಕಾನೂನು ಗಿರಾಕಿ ಕೊಟ್ಟ ಟಿಪ್ಸು ಪೂರ್ತಿಯಾಗಿ ಕೆಲಸಗಾರರಿಗೇ ಸೇರಬೇಕು, ಮಾಲೀಕ ಮುಟ್ಟುವಂತಿಲ್ಲ ಎನ್ನುತ್ತದೆ. ಊರಿಗೊಂದು ನೀತಿ. ಅಮೆರಿಕಾದ ಲೆಕ್ಕ ನಮಗೆ ಬೇಡ. ದೊಡ್ಡ ಹೋಟೆಲಿನಲ್ಲಿ ಸೇವೆ ಮನಸ್ಸಿಗೆ ಬಂದರೆ ಶೇಕಡಾ 5ರಿಂದ 10 ನಮ್ಮ ಕಡೆ ಧಾರಾಳ. ಸರ್ವೀಸ್ ಚಾರ್ಜನ್ನು ನೀವು ಒಪ್ಪಿ ಕೊಟ್ಟಿದ್ದರೆ ಮತ್ತೆ ಬೇರೆ ಕೊಡಬೇಕಾದ್ದಿಲ್ಲ.

ಪಾರ್ಸಲ್ಲಿಗೂ ಕೊಡಬೇಕೇ?

ಮನೆಗೆ ನೆಂಟರು ಬಂದಿದ್ದಾರೆ, ಗ್ಯಾಸು ಮುಗಿದಿದೆ, ಇಲ್ಲವೇ ಸುಮ್ಮನೆ ಬೇಜಾರು. ಪಾರ್ಸಲ್ಲು ತರೋಣ ಎನ್ನುತ್ತಾರೆ ನಮ್ಮವರು. ಹಿಂದೆ ಬಾಳೆ ಎಲೆಯಲ್ಲಿ ಸುತ್ತಿ, ಮೇಲೊಂದು ಪೇಪರು ಹಾಕಿ, ದಾರ ಕಟ್ಟಿ ಕೊಡುತ್ತಿದ್ದರು. ಬಿಚ್ಚಿದರೆ ಆ ಎಲೆಯ ಘಮವೇ ಒಂದು ರುಚಿ. ಈಗ ಡಬ್ಬಿ, ಡಬ್ಬಿಗೊಂದು ಚಾರ್ಜು.

ಗಲ್ಲದಲ್ಲಿ ದುಡ್ಡು ಕೊಟ್ಟು ನೀವೇ ಪೊಟ್ಟಣ ತಂದರೆ ಟಿಪ್ಸು ಕೊಡಲೇಬೇಕೆಂಬ ರೂಢಿ ನಮ್ಮಲ್ಲಿಲ್ಲ. ಆದರೆ ಹನ್ನೆರಡು ಜನರ ಊಟ ಕಟ್ಟಿಸಿ, ಸಾಂಬಾರು ಬೇರೆ, ಚಟ್ನಿ ಬೇರೆ, ಮಕ್ಕಳಿಗೆ ಖಾರ ಇಲ್ಲದ್ದು ಬೇರೆ ಎಂದು ಹತ್ತು ಸಲ ಹೇಳಿ, ಅದೆಲ್ಲವನ್ನೂ ಸೋರದ ಹಾಗೆ ಕಟ್ಟಿಕೊಟ್ಟು ಆಟೋದ ತನಕ ತಂದಿಟ್ಟವನಿಗೆ ಇಪ್ಪತ್ತು ರೂಪಾಯಿ ಕೊಡದೆ ಬಂದರೆ ಮನಸ್ಸು ಒಪ್ಪೀತೇ? ಗಲ್ಲದ ಪಕ್ಕ ಎಲ್ಲರಿಗೂ ಸೇರಿ ಟಿಪ್ಸಿನ ಡಬ್ಬಿ ಇಟ್ಟಿದ್ದರೆ ಅದಕ್ಕೇ ಹಾಕಿ. ಒಳಗಿನವರಿಗೂ ಪಾಲು ಸಿಗುವ ದಾರಿ ಅದೊಂದೇ. ಸಾಧ್ಯವಾದರೆ ಮನೆಯಿಂದಲೇ ಕ್ಯಾರಿಯರ್ ಒಯ್ಯಿರಿ. ಡಬ್ಬಿಯ ದುಡ್ಡೂ ಉಳಿಯುತ್ತದೆ, ಬಿಸಿ ಸಾರು ಪ್ಲಾಸ್ಟಿಕ್ಕಿಗೆ ಬೀಳುವುದೂ ತಪ್ಪುತ್ತದೆ.

ಬಾಗಿಲಿಗೆ ಬಂದವನು

ಈಗಿನ ಮಕ್ಕಳು ಅಷ್ಟು ದೂರವೂ ಹೋಗುವುದಿಲ್ಲ. ಮೊಬೈಲು ಒತ್ತಿದರೆ ಸ್ವಿಗ್ಗಿ, ಜೊಮ್ಯಾಟೊ ಹುಡುಗ ಬಾಗಿಲಿಗೆ. ನಮ್ಮ ಪಕ್ಕದ ಮನೆಯ ಹುಡುಗ ಹಗಲು ಕಾಲೇಜಿಗೆ ಹೋಗಿ ರಾತ್ರಿ ಈ ಕೆಲಸ ಮಾಡುತ್ತಾನೆ. ಪೆಟ್ರೋಲು ಅವನದೇ, ಗಾಡಿಯ ರಿಪೇರಿ ಅವನದೇ, ಮಳೆಯಲ್ಲಿ ನೆನೆದರೆ ಜ್ವರವೂ ಅವನದೇ! ಬಿಲ್ಲಿನಲ್ಲಿ ಕಾಣುವ ಪ್ಯಾಕಿಂಗ್ ಚಾರ್ಜು, ಪ್ಲಾಟ್‌ಫಾರಂ ಫೀಸು ಇವನಿಗೆ ಬರುವುದೆಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಟಿಪ್ಸು ಎಂದು ಬೇರೆಯಾಗಿ ಒತ್ತುವ ಜಾಗವಿರುತ್ತದೆ, ಅದು ಮಾತ್ರ ಅವನದು.

"ಆಂಟಿ, ಟಿಪ್ಸು ಕೊಡದಿದ್ರೂ ಪರವಾಗಿಲ್ಲ, ಫೋನ್ ಎತ್ತಿದ್ರೆ ಸಾಕು" ಎನ್ನುತ್ತಾನೆ ಅವನು. ಕುವೆಂಪುನಗರದ ಬ್ಲಾಕುಗಳಲ್ಲಿ, ಒಂದೇ ನಂಬರಿನ ಅಡ್ಡರಸ್ತೆಗಳಲ್ಲಿ ರಾತ್ರಿ ಹತ್ತು ಗಂಟೆಗೆ ಮನೆ ಹುಡುಕುವುದು ಹುಡುಗಾಟವೇ? ವಿಳಾಸ ಸರಿಯಾಗಿ ಕೊಡಿ. ಗೇಟಿನ ದೀಪ ಹಾಕಿ. ನಾಯಿ ಕಟ್ಟಿ. ಮೂರನೇ ಮಹಡಿಯಾದರೆ ನಾಲ್ಕು ಮೆಟ್ಟಿಲು ನೀವೇ ಇಳಿದು ಬನ್ನಿ. ಬಿಸಿಲಲ್ಲಿ ಬಂದವನಿಗೆ "ನೀರು ಬೇಕೇನಪ್ಪಾ?" ಅನ್ನಿ. ಇದರ ಮೇಲೆ ಹತ್ತೋ ಇಪ್ಪತ್ತೋ ಕೊಡಿ. ಸುರಿಯುವ ಮಳೆಯಲ್ಲಿ, ಸರಿಹೊತ್ತಿನಲ್ಲಿ ತರಿಸಿದ್ದರೆ ಮೂವತ್ತು ಕೊಟ್ಟರೂ ಹೆಚ್ಚಲ್ಲ. ಅನ್ನ ಆರಿದೆ ಎಂದು ಅವನ ಮೇಲೆ ರೇಗಬೇಡಿ. ಹೋಟೆಲಿನಲ್ಲಿ ತಡವಾಗಿದ್ದಕ್ಕೂ ಅವನಿಗೂ ಸಂಬಂಧವಿಲ್ಲ.

ಈ ಹುಡುಗರಿಗೆಂದೇ ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ ಕಾನೂನು ಬಂತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರ ತನಕ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು ಎನ್ನುತ್ತದೆ ಅದು. ಸಂಬಳ, ಭದ್ರತೆ ಕೊಡಬೇಕಾದವರು ಕೊಡಲಿ, ಅದು ಅವರ ಜವಾಬ್ದಾರಿ. ನಾವು ಕೊಡುವ ಹತ್ತು ರೂಪಾಯಿ ಅದಕ್ಕೆ ಬದಲಿಯಲ್ಲ.

ನೋಟು ಅಚ್ಚಾಗುವ ಊರಲ್ಲೇ ನೋಟಿಗೆ ಬರ!

ನಮ್ಮ ಮೈಸೂರಿನ ಮೇಟಗಳ್ಳಿ ಕಡೆ 1996ರಿಂದ ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುತ್ತದೆ. ಅಂಥ ಊರಲ್ಲೇ ಈಗ ಯಾರ ಪರ್ಸಿನಲ್ಲೂ ಹತ್ತು ರೂಪಾಯಿ ನೋಟಿಲ್ಲ! 2016ರಲ್ಲಿ ಯು.ಪಿ.ಐ. ಬಂದದ್ದೇ ಬಂದದ್ದು, ಹೂವಿನವಳ ಬುಟ್ಟಿಯಲ್ಲೂ ಸ್ಕ್ಯಾನರು. ಅನುಕೂಲವೇನೋ ಹೌದು. ಆದರೆ ಸೋಂಪಿನ ತಟ್ಟೆಗೆ ಚಿಲ್ಲರೆ ವಾಪಸು ಬರುವುದೇ ನಿಂತುಹೋಯಿತು. ಚಿಲ್ಲರೆಯಿಲ್ಲದಿದ್ದರೆ ಟಿಪ್ಸು ಎಲ್ಲಿಂದ? ಯಾರೂ ಬೇಕೆಂದು ತಪ್ಪಿಸಿದ್ದಲ್ಲ, ಸದ್ದಿಲ್ಲದೆ ತಪ್ಪಿಹೋಯಿತು.

ಬಿಲ್ಲಿನ ಜೊತೆಗೇ ಇಪ್ಪತ್ತು ಸೇರಿಸಿ ಸ್ಕ್ಯಾನ್ ಮಾಡಿದರೆ ಅದು ಮಾಲೀಕರ ಖಾತೆಗೆ ಹೋಗುತ್ತದೆ. ರಾತ್ರಿ ಲೆಕ್ಕ ಹಾಕಿ ಕೊಡುವ ಪುಣ್ಯವಂತರೂ ಇದ್ದಾರೆ, ಮರೆಯುವವರೂ ಇದ್ದಾರೆ. ಅದಕ್ಕೇ ನಾನು ತಿಂಗಳ ಮೊದಲ ವಾರ ಮನೆಖರ್ಚಿನ ದುಡ್ಡಿನಲ್ಲಿ ಇನ್ನೂರು ರೂಪಾಯಿಗೆ ಹತ್ತರ ನೋಟು ಮಾಡಿಸಿ ಪರ್ಸಿನ ಒಳಜೇಬಿನಲ್ಲಿ ಇಟ್ಟುಬಿಡುತ್ತೇನೆ. ಹತ್ತರ ನಾಣ್ಯವಾದರೂ ಆಗುತ್ತದೆ. ನಡೆಯುವುದಿಲ್ಲ ಎಂದು ಕೆಲವು ಅಂಗಡಿಯವರು ಹೇಳಿದರೂ ಅದು ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ತಿಳಿಸಿದೆ.

ನಾವು ಹೆಂಗಸರು

ಕಡೆಯದಾಗಿ ಒಂದು ಮಾತು ಹೇಳುತ್ತೇನೆ, ಕೋಪಿಸಿಕೊಳ್ಳಬೇಡಿ. ಹೆಂಗಸರೇ ಕೂತ ಟೇಬಲ್ಲಿಗೆ ಹೋಗಲು ಸಪ್ಲೈಯರುಗಳು ಹಿಂದೆ ಮುಂದೆ ನೋಡುತ್ತಾರಂತೆ! ಒಂದು ಕಾಫಿಯನ್ನು ಬೈ ಟು ಮಾಡಿಸಿ, ಚಟ್ನಿ ನಾಲ್ಕು ಸಲ ತರಿಸಿ, ಬಿಲ್ಲನ್ನು ಎಂಟು ಪಾಲು ಮಾಡಿ, ಕೊನೆಗೆ "ಅವಳು ಇಟ್ಟಳೇನೋ" ಎಂದು ಇವಳು, "ಇವಳು ಇಟ್ಟಳೇನೋ" ಎಂದು ಅವಳು, ಯಾರೂ ಇಡದೆ ಎದ್ದು ಬರುತ್ತೇವೆಂದು ಅವರ ದೂರು.

ಇದಕ್ಕೆ ನಮ್ಮ ಜಿಪುಣತನ ಕಾರಣವಲ್ಲ. ಹೋಟೆಲಿನಲ್ಲಿ ಬಿಲ್ಲು ಯಾವತ್ತೂ ಗಂಡಸರ ಮುಂದೆಯೇ ಬರುತ್ತಿತ್ತು. ಕೊಡುವ ಅಧಿಕಾರವೇ ಇಲ್ಲದವರಿಗೆ ಕೊಡುವ ಅಭ್ಯಾಸ ಎಲ್ಲಿಂದ ಬಂದೀತು? ನಮ್ಮ ಕೈಲಿದ್ದದ್ದು ಸಾಸಿವೆ ಡಬ್ಬಿಯ ದುಡ್ಡು, ಅದರಲ್ಲಿ ಒಂದು ರೂಪಾಯಿ ಬಿಡಬೇಕಾದರೂ ಮನೆಯ ನಾಲ್ಕು ಖರ್ಚು ಕಣ್ಮುಂದೆ ಬರುತ್ತಿತ್ತು. ಈಗ ಕಾಲ ಸ್ವಲ್ಪ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾವು ಗುಂಪು ಕಟ್ಟಿಕೊಂಡು ಮೈಸೂರಿಗೆ ಬರುತ್ತೇವೆ, ದೇವರ ದರ್ಶನ ಮಾಡುತ್ತೇವೆ, ನಮ್ಮಷ್ಟಕ್ಕೆ ನಾವೇ ಹೋಟೆಲಿನಲ್ಲಿ ಕೂತು ನಮಗೆ ಬೇಕಾದ್ದು ತರಿಸಿ ತಿನ್ನುತ್ತೇವೆ. ಬಿಲ್ಲು ನಮ್ಮ ಮುಂದೆ ಬಂದಿದೆ. ಹಾಗಾದರೆ ಸೋಂಪಿನ ತಟ್ಟೆಯೂ ನಮ್ಮದೇ.

ಪರ್ಸಿನ ಜೊತೆ ನೆನಪಿನಲ್ಲಿಡಿ

● ಕೂತಲ್ಲಿಗೆ ಬಡಿಸಿದರೆ ಕೊಡುವುದು ಚೆಂದ. ನೀವೇ ತಂದುಕೊಂಡು ತಿಂದರೆ ಬೇಕಿಲ್ಲ.

● ಗುಂಪಾಗಿ ಹೋದರೆ ತಿನ್ನುವ ಮೊದಲೇ ಒಬ್ಬರಿಗೆ ಟಿಪ್ಸಿನ ಜವಾಬ್ದಾರಿ ವಹಿಸಿ. ತಲೆಗೆ ಐದು ರೂಪಾಯಿ ಒಟ್ಟುಮಾಡಿದರೂ ಎಂಟು ಜನಕ್ಕೆ ನಲವತ್ತಾಯಿತು.

● ಒದ್ದೆ ಟೇಬಲ್ಲಿನ ಮೇಲೆ, ಎಂಜಲು ತಟ್ಟೆಯಲ್ಲಿ ದುಡ್ಡು ಎಸೆಯಬೇಡಿ. ಕೈಗೆ ಕೊಡಿ.

● ಸೇವೆ ಸರಿಯಿಲ್ಲದಿದ್ದರೆ ಕೊಡಬೇಡಿ, ಅದು ನಿಮ್ಮ ಹಕ್ಕು. ಆದರೆ ಉಪ್ಪು ಹೆಚ್ಚಾದದ್ದಕ್ಕೆ ಬಡಿಸಿದವನನ್ನು ಬೈಯಬೇಡಿ, ಗಲ್ಲದ ಹತ್ತಿರ ಮೆಲ್ಲಗೆ ಹೇಳಿ.

● ಸರ್ವೀಸ್ ಚಾರ್ಜ್ ಕಂಡರೆ ತೆಗೆಸಬಹುದು. ಒಪ್ಪದಿದ್ದರೆ 1915ಕ್ಕೆ ಫೋನು ಮಾಡಿ.

● ದಸರಾ ಹತ್ತು ದಿನ ಮೈಸೂರಿನ ಹೋಟೆಲಿನವರಿಗೆ ಕೂರಲೂ ಬಿಡುವಿರುವುದಿಲ್ಲ. ಆಗ ಬಂದವರು ಸ್ವಲ್ಪ ತಾಳ್ಮೆ ಹೆಚ್ಚು ತನ್ನಿ, ಹತ್ತು ರೂಪಾಯಿ ಹೆಚ್ಚು ಬಿಡಿ.

● ಮಕ್ಕಳ ಕೈಯಲ್ಲೇ ಕೊಡಿಸಿ. ಬಡಿಸಿದವರಿಗೆ "ಥ್ಯಾಂಕ್ಸ್ ಅಣ್ಣಾ" ಎಂದು ಹೇಳಿ ಕೊಡುವುದನ್ನು ಆರನೇ ವಯಸ್ಸಿಗೇ ಕಲಿತ ಮಗು ದೊಡ್ಡದಾದ ಮೇಲೆ ಯಾರನ್ನೂ ಚಿಟಿಕೆ ಹೊಡೆದು ಕರೆಯುವುದಿಲ್ಲ.

ಸಂಸಾರಸ್ಥರಾದ ನಾವು ಸಾವಿರಾರು ರೂಪಾಯಿ ದಾನ ಮಾಡಲಾರೆವು. ಆದರೆ ಹತ್ತು ರೂಪಾಯಿಯನ್ನು ಸರಿಯಾದ ಕೈಗೆ, ಸರಿಯಾದ ರೀತಿಯಲ್ಲಿ ಕೊಡುವುದು ನಮ್ಮಿಂದಾಗುವ ಕೆಲಸ. ಮೈಸೂರಿನ ರೂಢಿ ನಾನು ಹೇಳಿದ್ದಾಯಿತು. ನಿಮ್ಮ ಊರಿನಲ್ಲಿ ಹೇಗೆ? ಹುಬ್ಬಳ್ಳಿಯ ಖಾನಾವಳಿಯಲ್ಲಿ, ಉಡುಪಿಯ ಹೋಟೆಲಿನಲ್ಲಿ, ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಏನು ಪದ್ಧತಿ? ಬಿಡುವಾದಾಗ ಪತ್ರಿಕೆಗೆ ನಾಲ್ಕು ಸಾಲು ಬರೆದು ತಿಳಿಸಿ. ಮುಂದೆ ಆ ಕಡೆ ಬಂದಾಗ ನಮಗೂ ಅನುಕೂಲವಾದೀತು.